ತಾತ ಯಾವ ಪಲ್ಟಣದಲ್ಲಿದ್ದರು? ಎಲ್ಲಿ ಯುದ್ಧ ಮಾಡಿದರು? ಹುಡುಕುವುದು ಹೇಗೆ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದರು. ಊರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಮದುವೆಗೆ ಮುಂಚೆಯೇ ಸೇರಿದ್ದರಂತೆ. ಯುದ್ಧ ಮುಗಿದ ಮೇಲೆ ವಾಪಸ್ ಬಂದು ಪಿಡಬ್ಲ್ಯುಡಿಯಲ್ಲಿ ಮೇಸ್ತ್ರಿ ಕೆಲಸ ಮಾಡಿದರು. ಮಿಲಿಟರಿಯಿಂದ ಪಿಂಚಣಿ ಬರುತ್ತಿರಲಿಲ್ಲ. 1974ರಲ್ಲಿ ತೀರಿಕೊಂಡರು, ನಾನು ಅವರನ್ನು ನೋಡಿಲ್ಲ.

ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ತಾತ ಬರ್ಮಾಕ್ಕೆ ಹೋಗಿದ್ದರು, ಅಲ್ಲಿ ಸೇತುವೆ ಕಟ್ಟುತ್ತಿದ್ದರು." ಅದರಾಚೆ ಯಾರಿಗೂ ಏನೂ ಗೊತ್ತಿಲ್ಲ. ತಾತ ಯುದ್ಧದ ಮಾತನ್ನೇ ಎತ್ತುತ್ತಿರಲಿಲ್ಲ ಅಂತ ಅಮ್ಮ ಹೇಳುತ್ತಾರೆ.

ತಾತನ ಕಬ್ಬಿಣದ ಟ್ರಂಕಿನಲ್ಲಿ ಇಷ್ಟು ಸಿಕ್ಕಿದೆ. ಆರು ಮೂಲೆಯ ಒಂದು ನಕ್ಷತ್ರದ ಪದಕ. ನಡುವೆ ಕಿರೀಟ, ಸುತ್ತ ಇಂಗ್ಲಿಷ್ ಅಕ್ಷರ. ಅಜ್ಜಿ ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಅಕ್ಷರ ಸವೆದುಹೋಗಿದೆ, ಕೊನೆಯ "ಸ್ಟಾರ್" ಮಾತ್ರ ಓದಬಹುದು. ಅದನ್ನು ತೂಗುಹಾಕುವ ಬಟ್ಟೆಯ ಪಟ್ಟಿಯಲ್ಲಿ ಕೆಂಪು, ಬಿಳಿ, ಹಸಿರು ಗೆರೆಗಳಿವೆ. ಇನ್ನೊಂದು ದುಂಡನೆಯ ಪದಕ, ಒಂದು ಕಡೆ ರಾಜನ ತಲೆ, ಹಿಂದೆ ಯಾವುದೋ ಪ್ರಾಣಿಯ ಮೇಲೆ ನಿಂತ ಸಿಂಹ. ಆಮೇಲೆ ಒಂದು ಕಾಗದದ ಚೂರು. ಅದರಲ್ಲಿ "ಬ್ಯಾಂಗಲೋರ್", "1946", "ಎಂ.ಎಸ್. ಅಂಡ್ ಎಂ." ಅಂತ ಕಾಣುತ್ತೆ, ಉಳಿದದ್ದು ಗೆದ್ದಲು ತಿಂದಿದೆ. ಒಂದು ಫೋಟೋ ಇದೆ. ಚಡ್ಡಿ, ಬೂಟು, ಟೋಪಿ ಹಾಕಿ ನಿಂತಿದ್ದಾರೆ, ಪಕ್ಕದಲ್ಲಿ ಹೂಕುಂಡ.

ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. "ಅಷ್ಟು ಹಳೇದು ಯಾರ ಹತ್ರಾನೂ ಇರೋಲ್ಲ" ಅಂದುಬಿಟ್ಟರು. ಅಮ್ಮನಿಗೆ ಎಪ್ಪತ್ತು ದಾಟಿದೆ. ತನ್ನ ಅಪ್ಪ ಎಲ್ಲಿದ್ದರು, ಏನು ಮಾಡಿದರು ಅಂತ ಅವರಿಗೆ ಗೊತ್ತಾಗಬೇಕು ಅನ್ನೋದು ನನ್ನ ಆಸೆ. ಎಲ್ಲಿಂದ ಶುರುಮಾಡಲಿ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ನಿವೃತ್ತ ಸುಬೇದಾರ್, ಬೆಂಗಳೂರು)

ತಾಯಿ, ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಹಳೆಯ ದಾಖಲೆಗಳ ಜೊತೆಯಲ್ಲೇ ಬಹಳ ವರ್ಷ ಕಳೆದಿದ್ದೇನೆ. ನಿಮ್ಮ ಟ್ರಂಕಿನಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ವಿಷಯ ಇದೆ.

ಮೊದಲು ಪಟ್ಟಿಯ ಬಣ್ಣ. ಆ ಯುದ್ಧದ ನಕ್ಷತ್ರ ಪದಕಗಳೆಲ್ಲ ನೋಡಲು ಒಂದೇ ಥರ. ಯಾವುದು ಯಾವುದೆಂದು ತಿಳಿಯೋದು ನಡುವಿನ ಅಕ್ಷರದಿಂದ ಮತ್ತು ಪಟ್ಟಿಯಿಂದ. ಬರ್ಮಾ ಸ್ಟಾರ್‌ನ ಪಟ್ಟಿಯಲ್ಲಿ ನಡುವೆ ಕೆಂಪು, ಎರಡೂ ಕಡೆ ಕಡುನೀಲಿ, ನೀಲಿಯೊಳಗೆ ಕಿತ್ತಳೆ ಗೆರೆ ಇರುತ್ತದೆ. ಅದರಲ್ಲಿ ಹಸಿರು ಇಲ್ಲವೇ ಇಲ್ಲ. ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಕೆಂಪು ಇದ್ದರೆ ಅದು ಇಟಲಿ ಸ್ಟಾರ್. ಪಟ್ಟಿ ಆ ಪದಕದ್ದೇ ಆಗಿದ್ದರೆ ನಿಮ್ಮ ತಾತ ಹೋದದ್ದು ಪೂರ್ವಕ್ಕಲ್ಲ, ಪಶ್ಚಿಮಕ್ಕೆ. 1943ರ ಜೂನ್ 11ರಿಂದ 1945ರ ಮೇ 8ರ ನಡುವೆ ಆ ಕಡೆಯ ಯುದ್ಧಭೂಮಿಯಲ್ಲಿ ಇದ್ದವರಿಗೆ ಅದನ್ನು ಕೊಟ್ಟರು. ಒಂದು ಎಚ್ಚರ: ಹೆಸರು ಇಟಲಿ ಸ್ಟಾರ್ ಆದರೂ ಸಿಸಿಲಿ, ಗ್ರೀಸ್‌ನಲ್ಲಿ ಇದ್ದವರಿಗೂ ಅದೇ ಪದಕ.

ಮನೆಯವರು ಬರ್ಮಾ ಅಂತ ಯಾಕೆ ಹೇಳುತ್ತಿದ್ದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ದಂಡಿಗೆ ಹೋದವರೆಲ್ಲ ಊರವರ ಬಾಯಲ್ಲಿ ಬರ್ಮಾಕ್ಕೇ ಹೋದವರು. ಹೋದ ಜನ ಜಾಸ್ತಿ, ಸತ್ತ ಸುದ್ದಿಯೂ ಅಲ್ಲಿಂದಲೇ ಜಾಸ್ತಿ ಬರುತ್ತಿತ್ತು.

ದುಂಡು ಪದಕ 1939-45ರ ವಾರ್ ಮೆಡಲ್. ಸಿಂಹ ನಿಂತಿರುವುದು ಎರಡು ತಲೆಯ ಡ್ರ್ಯಾಗನ್ ಮೇಲೆ. ಅದು ಎಲ್ಲರಿಗೂ ಬಂದಂಥದ್ದು, ಹಾಗಾಗಿ ಎಲ್ಲಿದ್ದರು ಅನ್ನೋದನ್ನು ಹೇಳೋಲ್ಲ.

ಕಾಗದದ ಚೂರೇ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ. "ಎಂ.ಎಸ್. ಅಂಡ್ ಎಂ." ಅಂದರೆ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಕೇಂದ್ರ ಆಗಲೂ ಬೆಂಗಳೂರೇ, ಈಗಲೂ ಬೆಂಗಳೂರೇ. ಈಗ ಹಲಸೂರಿನ ಹತ್ತಿರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅಂತ ಹೇಳುತ್ತೇವಲ್ಲ, ಅದೇ. ರಸ್ತೆ, ಸೇತುವೆ, ನೆಲಬಾಂಬು ತೆಗೆಯೋದು ಅವರ ಕೆಲಸ. ತಾತ ವಾಪಸ್ ಬಂದು ಪಿಡಬ್ಲ್ಯುಡಿ ಮೇಸ್ತ್ರಿ ಆದರು ಅಂದಾಗಲೇ ನನಗೆ ಅನುಮಾನ ಬಂದಿತ್ತು. 1946 ಬಹುಶಃ ಬಿಡುಗಡೆಯ ವರ್ಷ. ಯುದ್ಧಕ್ಕೆಂದು ಸೇರಿಸಿಕೊಂಡವರನ್ನು ಆಗ ಗುಂಪುಗುಂಪಾಗಿ ಬಿಟ್ಟು ಕಳಿಸಿದರು.

ಈಗ ಮಾಡಬೇಕಾದ ಕೆಲಸ. ಪದಕವನ್ನು ಇನ್ನು ಮುಂದೆ ಉಜ್ಜಬೇಡಿ, ದಯವಿಟ್ಟು. ನಕ್ಷತ್ರವನ್ನು ತಿರುಗಿಸಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಆ ಯುದ್ಧದ ನಕ್ಷತ್ರಗಳಲ್ಲಿ ಹೆಸರು ಇರುತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟ ಬಹಳಷ್ಟು ಪದಕಗಳ ಮೇಲೆ ನಂಬರು, ದರ್ಜೆ, ಹೆಸರು, ದಳ ಒತ್ತಿದ್ದಾರೆ. ನಕ್ಷತ್ರದ ಹಿಂಬದಿಯಲ್ಲಿ, ದುಂಡು ಪದಕದ ಅಂಚಿನ ಸುತ್ತ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೊಬೈಲಲ್ಲಿ ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ್ದು ನೆರಳಲ್ಲಿ ಎದ್ದು ಕಾಣುತ್ತೆ. ಕಾಗದಕ್ಕೂ ಹೀಗೇ ಮಾಡಿ. ಅದನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ನಂಬರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹೆಸರನ್ನು ನಂಬಿಕೊಂಡು ಹುಡುಕಬೇಡಿ. ನಮ್ಮ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕೇಳಿದ ಹಾಗೆ ಬರೆದಿದ್ದಾನೆ. ಒಬ್ಬರ ಹೆಸರಿಗೆ ಊರಿನ ಹೆಸರು ಅಂಟಿದೆ, ಇನ್ನೊಬ್ಬರಿಗೆ ಅಪ್ಪನ ಹೆಸರೇ ಸ್ವಂತ ಹೆಸರಾಗಿದೆ. ವಯಸ್ಸಂತೂ ಸೇರುವಾಗ ಬಾಯಿಗೆ ಬಂದದ್ದು. ನಂಬರು ಮಾತ್ರ ಸೇರಿದ ದಿನದಿಂದ ಬಿಡುಗಡೆಯವರೆಗೆ ಜೊತೆಗೇ ಇರುತ್ತೆ. ಆದರೆ ಆಗ ಒಂದೊಂದು ದಳಕ್ಕೂ ಅದರದೇ ನಂಬರಿನ ಸಾಲು. ಹಾಗಾಗಿ ನಂಬರು ಮತ್ತು ದಳ, ಎರಡೂ ಒಟ್ಟಿಗೆ ಬೇಕು.

ಆಮೇಲೆ ರೆಕಾರ್ಡ್ಸ್ ಕಚೇರಿ. ಜನ ಇಲ್ಲೇ ತಪ್ಪು ದಾರಿ ಹಿಡಿಯೋದು. ದಿಲ್ಲಿಗೋ ಲಂಡನ್ನಿಗೋ ಬರೆಯುತ್ತಾರೆ. ಭಾರತೀಯ ಸಿಪಾಯಿಗಳ ಸೇವಾ ದಾಖಲೆ ಲಂಡನ್ನಿನಲ್ಲಿಲ್ಲ. ಅಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿ ಇರೋದು ಮುಖ್ಯವಾಗಿ ಅಧಿಕಾರಿಗಳದ್ದು. ಸಿಪಾಯಿಯ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲೇ ಇರುತ್ತೆ. ನಿಮಗೆ ಬೆಂಗಳೂರು ಸಾಕು.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಪಿಂಚಣಿ ಇಲ್ಲದೆ ಬಿಡುಗಡೆ ಆದವರ ಕಡತವನ್ನು, ಅಂದ್ರೆ ಶೀಟ್ ರೋಲನ್ನು, 25 ವರ್ಷ ಇಟ್ಟು ಆಮೇಲೆ ನಾಶಮಾಡುವುದು ನಿಯಮ. ನಿಮ್ಮ ತಾತನದ್ದೂ ಹೋಗಿರುತ್ತೆ. ನಿಮಗೆ "ಇಲ್ಲ" ಅಂದವರು ಹೇಳಿದ್ದು ಇದನ್ನೇ ಇರಬಹುದು. ಆದರೆ ಲಾಂಗ್ ರೋಲ್ ಅಂತ ಒಂದು ದೊಡ್ಡ ರಿಜಿಸ್ಟರ್ ಇರುತ್ತೆ. ಒಬ್ಬೊಬ್ಬರಿಗೂ ಒಂದು ಸಾಲು. ಅದನ್ನು ನಾಶಮಾಡೋಲ್ಲ. ಆದ್ದರಿಂದ ಅರ್ಜಿಯಲ್ಲಿ "ಸೇವಾ ದಾಖಲೆ ಕೊಡಿ" ಅಂತ ಸುಮ್ನೆ ಬರೆಯಬೇಡಿ. "ಲಾಂಗ್ ರೋಲ್‌ನಲ್ಲಿರುವ ವಿವರದ ಪ್ರತಿ ಕೊಡಿ" ಅಂತಲೇ ಬರೆಯಿರಿ. ನಂಬರು, ಹೆಸರು, ಅಪ್ಪನ ಹೆಸರು, ಹಳ್ಳಿ, ಆಗಿನ ತಾಲ್ಲೂಕು, ಜಿಲ್ಲೆ, ಮೈಸೂರು ಸಂಸ್ಥಾನ, ಬಿಡುಗಡೆಯ ವರ್ಷ ಹಾಕಿ. ನಿಮ್ಮ ಅಮ್ಮನೇ ಸಹಿ ಮಾಡಲಿ, ಮಗಳು ಅನ್ನೋದಕ್ಕೆ ವಂಶವೃಕ್ಷ ಅಥವಾ ಬೇರೆ ದಾಖಲೆ ಲಗತ್ತಿಸಿ. ಪದಕದ ಫೋಟೋ, ಕಾಗದದ ಫೋಟೋ ಜೊತೆಗಿರಲಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 10 ರೂಪಾಯಿ ಪೋಸ್ಟಲ್ ಆರ್ಡರ್.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಇದೆ. ನಿಮ್ಮ ಕುಟುಂಬದಲ್ಲಿ ಅತಿ ಹಿರಿಯ ಹೆಂಗಸು ಯಾರು? ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಯುದ್ಧದ ಬಗ್ಗೆ ಕೇಳಬೇಡಿ, "ನಂಗೇನು ಗೊತ್ತು" ಅಂತಾರೆ. ಮನಿಯಾರ್ಡರ್ ಯಾರ ಹೆಸರಿಗೆ ಬರುತ್ತಿತ್ತು, ಕಾಗದ ಯಾರು ಓದಿ ಹೇಳುತ್ತಿದ್ದರು, ರಜಕ್ಕೆ ಬಂದಾಗ ಏನು ತಂದರು, ಇದನ್ನು ಕೇಳಿ. ಕಚೇರಿ ಕಡತ ಕಾಯುತ್ತೆ, ಆ ಜೀವ ಕಾಯೋಲ್ಲ.

ಉತ್ತರ (ಧಾರವಾಡದಿಂದ)

ಸುಬೇದಾರ್ ಸಾಹೇಬರು ಚೆನ್ನಾಗಿ ಹೇಳಿದ್ದಾರೆ. ನಾನು ವಾಪಸ್ ಬಾರದವರ ಬಗ್ಗೆ ಬರೆಯುತ್ತೇನೆ. ಇದನ್ನು ಓದುವವರಲ್ಲಿ ಅಂಥ ಮನೆಯವರೂ ಇರಬಹುದು.

ನಮ್ಮ ಮುತ್ಯಾನ ಅಣ್ಣ ಬೆಳಗಾವಿಯಲ್ಲಿ ಮರಾಠಾ ಪಲ್ಟಣಕ್ಕೆ ಸೇರಿದ್ದರು. ಇಟಲಿಯಲ್ಲೇ ತೀರಿಕೊಂಡರು. ಮನೆಗೆ ಒಂದು ತಾರು ಬಂದಿತ್ತು, ಅಷ್ಟೇ. ಅವರ ಹೆಂಡತಿ, ನಮ್ಮ ದೊಡ್ಡ ಆಯಿ, ಎಷ್ಟೋ ವರ್ಷ ಕುಂಕುಮ ತೆಗೆಯಲಿಲ್ಲ. ಮೈಯನ್ನು ಯಾರೂ ನೋಡಿಲ್ಲ, ಅವರು ಬರುತ್ತಾರೆ ಅನ್ನುತ್ತಿದ್ದಳು.

ಸತ್ತವರನ್ನು ಹುಡುಕೋದು ಬದುಕಿ ಬಂದವರನ್ನು ಹುಡುಕೋದಕ್ಕಿಂತ ಸುಲಭ. ಹೇಳಲು ಕಷ್ಟ ಆಗುತ್ತೆ, ಆದರೆ ನಿಜ. ಯುದ್ಧದಲ್ಲಿ ಸತ್ತವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರ ಪಟ್ಟಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ. ಈ ಯುದ್ಧಕ್ಕೆ ಸಂಬಂಧಿಸಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರ ಹೆಸರು ಅದರಲ್ಲಿವೆ. ಅವಿಭಜಿತ ಭಾರತದವರೇ ಸುಮಾರು 87,000 ಜನ.

ಹೆಸರು ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಆಮೇಲೆ ಉಪಾಯ ಬದಲಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟು ರೆಜಿಮೆಂಟ್ ಮರಾಠಾ, ದೇಶ ಇಟಲಿ ಅಂತ ಆರಿಸಿ, ಬಂದ ಪಟ್ಟಿಯನ್ನು ಕೂತು ಓದಿದೆ. ಪ್ರತಿ ಹೆಸರಿನ ಕೆಳಗೆ ಹೆಚ್ಚಿನ ವಿವರ ಅಂತ ಒಂದು ಸಾಲು ಇರುತ್ತೆ. ಇಂಥವರ ಮಗ, ಇಂಥ ಊರು, ಇಂಥವಳ ಗಂಡ. ಎಲ್ಲರಿಗೂ ಇರೋಲ್ಲ, ಇದ್ದರೆ ಪುಣ್ಯ. ಊರಿನ ಹೆಸರನ್ನು ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಹುಡುಕಬೇಕು. ಬೆಳಗಾವಿ ಅಲ್ಲ, ಬೆಲ್ಗಾಂ. ಧಾರವಾಡ ಅಲ್ಲ, ಧಾರವಾರ್. ಕೊಡಗು ಅಲ್ಲ, ಕೂರ್ಗ್. ಕಲಬುರಗಿ, ರಾಯಚೂರು ಕಡೆಯವರಾದರೆ ಹೈದರಾಬಾದ್ ಸಂಸ್ಥಾನ ಅಂತ ಬರೆದಿರಬಹುದು.

ನಮ್ಮವರ ಹೆಸರಿನಲ್ಲಿ ಮೂರು ಅಕ್ಷರ ಬೇರೆಯೇ ಇತ್ತು. ಆದರೆ ಅಪ್ಪನ ಹೆಸರು ಸರಿ, ಊರು ಸರಿ, ದೊಡ್ಡ ಆಯಿಯ ಹೆಸರು ಸರಿ. ಆಕೆ ಬದುಕಿಡೀ ಒಂದು ಕಾಗದಕ್ಕಾಗಿ ಕಾದಿದ್ದಳು, ಆಕೆಯ ಹೆಸರೇ ಅಲ್ಲಿ ಅಚ್ಚಾಗಿತ್ತು. ನಮ್ಮ ಅಪ್ಪ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು ವಿಷಯ. ಗೋರಿ ಎಲ್ಲಿದೆ ಅಂತ ಹುಡುಕಬೇಡಿ. ನಮ್ಮವರನ್ನು ಬಹುಪಾಲು ಸುಟ್ಟಿದ್ದಾರೆ. ಅಂಥವರ ಹೆಸರು ದಹನ ಸ್ಮಾರಕದ ಮೇಲೆ ಇರುತ್ತೆ. ಇಟಲಿಯಲ್ಲಿ ಸಾಂಗ್ರೋ ನದಿಯ ಹತ್ತಿರ ಒಂದಿದೆ, ಫೋರ್ಲಿಯಲ್ಲಿ ಒಂದಿದೆ. ನಮ್ಮ ಕಡೆ ಕೊಹಿಮಾ, ಇಂಫಾಲದಲ್ಲಿವೆ. ಬರ್ಮಾದಲ್ಲಿ ದೇಹವೇ ಸಿಗದವರ ಹೆಸರು ತೌಕ್ಯಾನ್‌ನ ರಂಗೂನ್ ಸ್ಮಾರಕದ ಕಂಬಗಳ ಮೇಲೆ, ಸುಮಾರು 27,000 ಹೆಸರು. ಸಿಂಗಪುರ, ಮಲಯ ಕಡೆಯವರದ್ದು ಸಿಂಗಪುರದಲ್ಲೇ ಇರುವ ಕ್ರಾಂಜಿಯಲ್ಲಿ.

ಉತ್ತರ (ಮೈಸೂರಿನಿಂದ)

ಇವರ ತಾತನಿಗೆ ಇದು ಅನ್ವಯಿಸೋಲ್ಲ, ಆದರೂ ಹಳೇ ಮೈಸೂರು ಕಡೆಯವರಿಗಾಗಿ ಹೇಳುತ್ತೇನೆ. ಮೈಸೂರು ಮಹಾರಾಜರಿಗೆ ತಮ್ಮದೇ ಸೈನ್ಯ ಇತ್ತು. ಅದರಲ್ಲಿದ್ದವರನ್ನು ಬ್ರಿಟಿಷ್ ಇಂಡಿಯನ್ ಆರ್ಮಿಯ ದಾಖಲೆಯಲ್ಲಿ ಹುಡುಕಿದರೆ ಸಿಗೋಲ್ಲ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರ್ ಲ್ಯಾನ್ಸರ್ಸ್ ಅನ್ನೋ ಕುದುರೆ ದಳ ಈ ಸೈನ್ಯದ್ದು. ಎರಡನೇ ಯುದ್ಧದಲ್ಲಿ ಮೊದಲನೇ ಮೈಸೂರ್ ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನಿಯರಿಗೆ ಸೆರೆಯಾದರು. ಸ್ವಾತಂತ್ರ್ಯ ಬಂದ ಮೇಲೆ ಆ ಪಲ್ಟಣ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆದ್ದರಿಂದ ಒಂದು ಪತ್ರ ನೀಲಗಿರಿಯ ವೆಲ್ಲಿಂಗ್‌ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಕೇಂದ್ರಕ್ಕೆ ಬರೆಯಿರಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮನೆಯಲ್ಲಿ "ಜಪಾನಿನವರ ಸೆರೆಯಲ್ಲಿದ್ದರು" ಅನ್ನೋ ಮಾತಿದ್ದರೆ ಇದನ್ನೇ ಮೊದಲು ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿದು ನಮಸ್ಕಾರ. ಸರ್, ನೀವು ಹೇಳಿದ ಹಾಗೇ ಮಾಡಿದೆ.

ನಕ್ಷತ್ರದ ಹಿಂದೆ ಬರಹ ಇದೆ! ಇಷ್ಟು ವರ್ಷ ನಾವು ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಪೂರ್ತಿ ನಂಬರು ಓದಲು ಬಂತು. ಆಮೇಲೆ "ಎಸ್‌ಪಿಆರ್", ತಾತನ ಹೆಸರಿನ ಮೊದಲ ಭಾಗ, ಕೊನೆಗೆ "ಐ.ಇ." ಅಂತ ಇದೆ. ಹೆಸರಿನ ನಡುವಿನ ಅಕ್ಷರ ಹುಣಸೆಹಣ್ಣಿಗೆ ಹೋಗಿದೆ. ಪಟ್ಟಿಯ ಬಣ್ಣವೂ ನೀವು ಹೇಳಿದ ಸಾಲಿನಲ್ಲೇ ಇದೆ.

ತಾತನ ಕೊನೇ ತಂಗಿ ಇನ್ನೂ ಇದ್ದಾರೆ, ತಿಪಟೂರಿನಲ್ಲಿ ಮಗನ ಮನೆಯಲ್ಲಿ. ತೊಂಬತ್ತು ದಾಟಿದೆ. ಅಮ್ಮನನ್ನು ಕರೆದುಕೊಂಡು ಹೋದೆ. ಯುದ್ಧದ ಮಾತು ಎತ್ತಲಿಲ್ಲ, ಮನಿಯಾರ್ಡರ್ ಬಗ್ಗೆ ಕೇಳಿದೆ. ಕೂಡಲೇ ಶುರುಮಾಡಿದರು! ದುಡ್ಡು ತಾತನ ತಾಯಿಯ ಹೆಸರಿಗೆ ಬರುತ್ತಿತ್ತಂತೆ. ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡುತ್ತಿದ್ದರಂತೆ. ಆ ದುಡ್ಡಿನಲ್ಲೇ ಈ ಅಜ್ಜಿಯ ಮದುವೆಯ ಓಲೆ ಮಾಡಿಸಿದ್ದು. ಓಲೆ ಇನ್ನೂ ಕಿವಿಯಲ್ಲಿದೆ, ಅಮ್ಮನಿಗೆ ಮುಟ್ಟಿ ತೋರಿಸಿದರು.

ಕಾಗದವನ್ನು ಸ್ಕೂಲು ಮೇಷ್ಟ್ರು ಓದಿ ಹೇಳುತ್ತಿದ್ದರಂತೆ. ಒಂದು ಸಲ ತಾತ ಬರೆದಿದ್ದರಂತೆ, "ಇಲ್ಲಿ ರಾತ್ರಿ ಹತ್ತಿ ಬಿಡಿಸಿ ಚೆಲ್ಲಿದ ಹಾಗೆ ಆಕಾಶದಿಂದ ಬೀಳುತ್ತೆ, ಬೆಳಿಗ್ಗೆ ಬೂಟು ಹೂತುಹೋಗುತ್ತೆ" ಅಂತ. ಮನೆಯವರು ನಂಬಲಿಲ್ಲ, ಹುಡುಗ ಏನೋ ಕಥೆ ಕಟ್ಟುತ್ತಾನೆ ಅಂದುಕೊಂಡರಂತೆ. ಅಜ್ಜಿಗೆ ಮಾತ್ರ ಆ ಮಾತು ನೆನಪಿನಲ್ಲಿ ಉಳಿದಿದೆ. ಅವರು ಹೇಳಿದ್ದನ್ನೆಲ್ಲ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ.

ಅಮ್ಮ ಅರ್ಜಿಗೆ ಸಹಿ ಮಾಡಿದ್ದಾರೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಲಾಂಗ್ ರೋಲ್ ಅಂತ ಸ್ಪಷ್ಟವಾಗಿ ಬರೆದಿದ್ದೇನೆ. ತಾತ ಇಟಲಿಯಲ್ಲಿದ್ದರು ಅಂತ ಈಗ ಹೇಳಬಹುದಾ ಸರ್? ಯಾವ ಸೇತುವೆ ಕಟ್ಟಿದರು ಅಂತ ತಿಳಿಯುತ್ತಾ?

ಉತ್ತರ (ನಿವೃತ್ತ ಸುಬೇದಾರ್, ಬೆಂಗಳೂರು)

ತಾಯಿ, ಓದಿ ತುಂಬಾ ಸಂತೋಷ ಆಯಿತು. ಎಸ್‌ಪಿಆರ್ ಅಂದರೆ ಸ್ಯಾಪರ್. ಬೇರೆ ಕಡೆ ಸಿಪಾಯಿ ಅನ್ನುವ ಹಾಗೆ ನಮ್ಮಲ್ಲಿ ಸ್ಯಾಪರ್. ಐ.ಇ. ಅಂದರೆ ಇಂಡಿಯನ್ ಎಂಜಿನಿಯರ್ಸ್. ಮದ್ರಾಸ್, ಬೆಂಗಾಲ್, ಬಾಂಬೆ, ಮೂರೂ ಸ್ಯಾಪರ್ಸ್ ದಳಗಳು ಅದರಡಿಯಲ್ಲಿದ್ದವು. ನಿಮ್ಮ ಕಾಗದದಲ್ಲಿ ಮದ್ರಾಸ್ ಅಂತ ಇರೋದರಿಂದ ಅನುಮಾನ ಇಲ್ಲ.

ಆ ಹಿಮದ ಮಾತು ನನಗೆ ಬಹಳ ಮುಖ್ಯ ಅನ್ನಿಸಿತು. 1943-44 ಮತ್ತು 1944-45ರ ಚಳಿಗಾಲದಲ್ಲಿ ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ ನಮ್ಮವರು ಹಿಮದಲ್ಲೇ ಇದ್ದರು. ಭಾರತದ 4, 8 ಮತ್ತು 10ನೇ ಡಿವಿಷನ್‌ಗಳು, ಅಂದ್ರೆ ಸಾವಿರಾರು ಸೈನಿಕರ ದೊಡ್ಡ ತುಕಡಿಗಳು, ಇಟಲಿಯಲ್ಲಿ ಹೋರಾಡಿದವು. ಆ ಬೆಟ್ಟಗಳಿಂದ ಇಳಿಯುವ ನದಿ ಒಂದರ ಹಿಂದೆ ಒಂದು. ಜರ್ಮನರು ಹಿಂದೆ ಸರಿಯುವಾಗ ಪ್ರತಿ ಸೇತುವೆಯನ್ನೂ ಉಡಾಯಿಸಿ ಹೋಗುತ್ತಿದ್ದರು. ಸ್ಯಾಪರ್‌ಗಳು ಗುಂಡಿನ ನಡುವೆ, ಮುಕ್ಕಾಲುಪಾಲು ರಾತ್ರಿ ಹೊತ್ತಿನಲ್ಲಿ, ಬೈಲಿ ಸೇತುವೆ ಜೋಡಿಸುತ್ತಿದ್ದರು. ಕಬ್ಬಿಣದ ಚೌಕಟ್ಟುಗಳನ್ನು ಆರಾರು ಜನ ಕೈಯಲ್ಲೇ ಹೊತ್ತು ತಂದು, ಪಿನ್ನು ಹೊಡೆದು, ಉರುಳೆಗಳ ಮೇಲೆ ಮುಂದಕ್ಕೆ ತಳ್ಳುವುದು. ಅದು ಮುಗಿಯದೆ ಟ್ಯಾಂಕೂ ದಾಟೋಲ್ಲ, ಆಂಬ್ಯುಲೆನ್ಸೂ ದಾಟೋಲ್ಲ.

ಆದರೂ "ಇಟಲಿಯಲ್ಲಿದ್ದರು" ಅಂತ ವಂಶವೃಕ್ಷದಲ್ಲಿ ಈಗಲೇ ಬರೆಯಬೇಡಿ. ಪದಕ ಗ್ರೀಸ್‌ಗೂ ಸಲ್ಲುತ್ತೆ ಅಂದೆನಲ್ಲ. 4ನೇ ಡಿವಿಷನ್ 1944ರ ಕೊನೆಯಲ್ಲಿ ಗ್ರೀಸ್‌ಗೆ ಹೋಯಿತು, ಹಿಮ ಅಲ್ಲಿಯೂ ಬೀಳುತ್ತೆ. ಪೆನ್ಸಿಲಿನಲ್ಲಿ ಬರೆದು, ಯಾವುದರಿಂದ ತಿಳಿಯಿತು ಅಂತ ಪಕ್ಕದಲ್ಲಿ ಹಾಕಿ. ಅಜ್ಜಿ ಹೇಳಿದ್ದು ಬೇರೆ, ಪದಕದಲ್ಲಿರೋದು ಬೇರೆ, ಕಾಗದದಲ್ಲಿರೋದು ಬೇರೆ. ಮೂರನ್ನೂ ಕಲಸಬೇಡಿ.

ಯಾವ ಸೇತುವೆ ಅಂತ ತಿಳಿಯಬೇಕಾದರೆ ಕಂಪನಿಯ, ಅಂದ್ರೆ ತಾತ ಇದ್ದ ಚಿಕ್ಕ ತುಕಡಿಯ, ನಂಬರು ಬೇಕು. ಮದ್ರಾಸ್ ಸ್ಯಾಪರ್ಸ್‌ನ ಕಂಪನಿಗಳು ಬೇರೆ ಬೇರೆ ಡಿವಿಷನ್‌ಗಳಲ್ಲಿ ಹಂಚಿಹೋಗಿದ್ದವು. ಉದಾಹರಣೆಗೆ 12ನೇ ಫೀಲ್ಡ್ ಕಂಪನಿ 4ನೇ ಡಿವಿಷನ್ ಜೊತೆ ಇತ್ತು. ಲಾಂಗ್ ರೋಲ್‌ನ ಸಾಲಿನಲ್ಲಿ ಕಂಪನಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಾಗದದ ಚೂರನ್ನು ಇನ್ನೊಮ್ಮೆ ನೋಡಿ, "ಸಿಓವೈ" (ಕಂಪನಿ) ಅಥವಾ "ಎಫ್‌ಡಿ" (ಫೀಲ್ಡ್) ಅನ್ನೋ ಅಕ್ಷರಕ್ಕಿಂತ ಮೊದಲು ಅಂಕಿ ಇದೆಯಾ ಅಂತ. ತಿಪಟೂರಿನ ಅಜ್ಜಿಯ ಮನೆಯಲ್ಲಿ ಒಂದೇ ಒಂದು ಹಳೇ ಲಕೋಟೆ ಸಿಕ್ಕರೂ ಸಾಕು. ಅದರ ಮುದ್ರೆಯಲ್ಲಿ ಎಫ್‌ಪಿಓ ಅಂತ ಇದ್ದು ಪಕ್ಕದಲ್ಲಿ ನಂಬರಿರುತ್ತೆ. ಅದು ಸೈನ್ಯದ ಅಂಚೆ ಕಚೇರಿಯ ನಂಬರು. ಯಾವ ನಂಬರಿನ ಕಚೇರಿ ಯಾವ ತಿಂಗಳು ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಹಿಸುವವರು ಪಟ್ಟಿ ಮಾಡಿಟ್ಟಿದ್ದಾರೆ. ದೇವರ ಗೂಡು, ಅಟ್ಟ, ಹಳೇ ಪಂಚಾಂಗದ ಮಧ್ಯೆ, ಎಲ್ಲ ಕಡೆ ಹುಡುಕಿಸಿ.

ಕಂಪನಿ ಸಿಕ್ಕ ಮೇಲೆ ಯುದ್ಧ ದಿನಚರಿ. ಪ್ರತಿ ಕಂಪನಿಯೂ ದಿನದಿನದ ಕೆಲಸ ಬರೆದಿಡಬೇಕಿತ್ತು. ಆ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಯಾವ ಕಡತ ಇದೆ ಅಂತ ಮನೆಯಲ್ಲೇ ಕೂತು ಅವರ ಸೂಚಿಯಲ್ಲಿ ನೋಡಬಹುದು, ಪ್ರತಿ ಬೇಕಾದರೆ ದುಡ್ಡು ಕೊಡಬೇಕು. ತಾತನ ಹೆಸರು ಅದರಲ್ಲಿ ಇರುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಸ್ಯಾಪರ್‌ಗಳ ಹೆಸರು ಅದರಲ್ಲಿ ಅಪರೂಪ, ಅಧಿಕಾರಿಗಳದ್ದೇ ಜಾಸ್ತಿ. ಆದರೆ ಆ ದಿನ ಕಂಪನಿ ಯಾವ ನದಿಯ ದಡದಲ್ಲಿತ್ತು, ಎಷ್ಟು ಅಡಿ ಸೇತುವೆ ಹಾಕಿತು, ಎಷ್ಟು ಜನ ಗಾಯಗೊಂಡರು, ಇದೆಲ್ಲ ಇರುತ್ತೆ.

ಬೆಂಗಳೂರಿನಿಂದ ಉತ್ತರ ಬಂದ ಕೂಡಲೇ ಇಲ್ಲಿ ಹಾಕಿ, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಮುಚ್ಚಿಡಿ. ದಿನಚರಿಯ ಪುಟ ಸಿಕ್ಕರೂ ಕಳಿಸಿ. ಅದರಲ್ಲಿ ಸಂಕ್ಷಿಪ್ತ ಅಕ್ಷರಗಳು ತುಂಬಾ, ಹೊಸಬರಿಗೆ ತಲೆಬುಡ ಗೊತ್ತಾಗೋಲ್ಲ. ನಾನು ಓದಿ ಸಾಲುಸಾಲಾಗಿ ಕನ್ನಡದಲ್ಲಿ ಬರೆದು ಕೊಡುತ್ತೇನೆ, ನಿಮ್ಮ ಅಮ್ಮ ತಾವೇ ಓದಿಕೊಳ್ಳಲಿ.